ಮುಟ್ಟದೆ ಹೆಸರಿಟ್ಟ ಮೀನು

ಆ ಮೀನಿನ ಬೆನ್ನ ಮೇಲಿನ ಮುಳ್ಳುಗಳನ್ನು ನಾನು ಎಣಿಸಿದೆನೋ ಇಲ್ಲವೋ, ನನಗೆ ಖಚಿತವಿಲ್ಲ. ಎಣಿಸಿದ ನೆನಪಂತೂ ಇದೆ. ಬಾಲದ ಕಡೆಯಿಂದ ತಲೆಯ ಕಡೆಗೆ ಹೆಬ್ಬೆರಳು ಸವರಿದ್ದು, ಗರಗಸದ ಹಲ್ಲಿನಂಥದ್ದೇನೋ ಚುಚ್ಚಿದ್ದು, ಬೆರಳನ್ನು ಬಾಯಲ್ಲಿಟ್ಟುಕೊಂಡದ್ದು, ಎಲ್ಲವೂ ಸ್ಪಷ್ಟವಾಗಿದೆ. ಮೂವತ್ತು ವರ್ಷ ಇದನ್ನು ನಂಬಿಕೊಂಡು ಬಂದೆ. ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಮಾಡುವಾಗ ಹುಡುಗರಿಗೆ ಉದಾಹರಣೆಯಾಗಿ ಹೇಳಿದ್ದೂ ಉಂಟು: ನಮ್ಮ ಊರ ಕಡೆ ಒಬ್ಬರು ಒಂದು ಮೀನನ್ನು ಸಮುದ್ರದಿಂದ ಬಂದದ್ದೆಂದು ನಂಬಿದ್ದರು, ನಾನು ಮುಳ್ಳು ಎಣಿಸಿ ಅಲ್ಲವೆಂದು ತೋರಿಸಿದೆ ಎಂದು. ಆ ಒಬ್ಬರು ನನ್ನ ಸೋದರಮಾವ ಎಂದು ಮಾತ್ರ ಹೇಳುತ್ತಿರಲಿಲ್ಲ.

ಉಳಿದದ್ದರಲ್ಲಿ ಇಷ್ಟನ್ನು ನಿಜವೆಂದು ಹೇಳಬಲ್ಲೆ. ಜಾಗ ಹಳೇಬೀಡಿನ ಕೆರೆ ಏರಿ. ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ, ಮಧ್ಯಾಹ್ನದ ಹೊತ್ತು. ಗಾಳ ಹಾಕಿ ಕೂತಿದ್ದವರು ಮಾವ. ಅವರಿಂದ ಒಂದು ಮಾರು ದೂರದಲ್ಲಿ ಛತ್ರಿ ಬಿಚ್ಚಿಕೊಂಡು ಕೂತಿದ್ದವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ, ಮಾವನ ಬಹುಕಾಲದ ಸ್ನೇಹಿತರು. ಸಿಕ್ಕಿದ್ದು ಒಂದು ಹಾವುಮೀನು. ಅದು ಯಾವ ಜಾತಿಯ ಹಾವುಮೀನು ಎಂದು ತೀರ್ಪು ಕೊಟ್ಟವನು ನಾನು. ಆ ತೀರ್ಪು ಸರಿಯಾಗಿತ್ತೇ ಎಂಬುದೇ ಈಗ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಯಾಕೆಂದರೆ ಆ ದಿನದಿಂದ ಮಾವ ನನ್ನನ್ನು ಏಕವಚನದಲ್ಲಿ ಕರೆಯಲಿಲ್ಲ.

ಮಾವನ ಊರು ಹಗರೆ. ರಾಗಿ, ಒಂದಿಷ್ಟು ತೆಂಗು, ಮೂರು ಹಸು. ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವರೇ ಗಾಳದ ಕೋಲು ಹಿಡಿದು ರಸ್ತೆಗೆ ಹೋಗಿ ಹಳೇಬೀಡಿನ ಬಸ್ಸಿಗೆ ನಿಲ್ಲುತ್ತಿದ್ದರು. ಹತ್ತಿರದಲ್ಲೇ ಬೇರೆ ಕೆರೆಗಳಿದ್ದವು. ಅಷ್ಟು ದೂರ ಯಾಕೆ ಎಂದು ಯಾರಾದರೂ ಕೇಳಿದರೆ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು: "ಅವರು ಮೀನಿಗೆ ಹೋಗ್ತಾರೆ ಅನ್ಕಂಡ್ರಾ? ಟೂರಿಸ್ಟ್ ಬಸ್ಸಿಂದ ಇಳಿಯೋರ್ನ ನೋಡಕ್ಕೆ ಹೋಗದು!"

ಕೋಲು ಅವರದೇ ಹಿತ್ತಲಿನ ಬಿದಿರು. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿ, ಹರಳೆಣ್ಣೆ ತಿಕ್ಕಿ, ಜೇನುತುಪ್ಪದ ಬಣ್ಣಕ್ಕೆ ತಂದದ್ದು. ನೀರಿನ ಮೇಲೆ ತೇಲಲು ನವಿಲುಗರಿಯ ದಂಟು. ತಿಪ್ಪೆ ಕೆದಕಿ ತಂದ ಎರೆಹುಳು ತೆಂಗಿನ ಚಿಪ್ಪಿನಲ್ಲಿ, ಮೇಲೊಂದು ಹಿಡಿ ಒದ್ದೆ ಮಣ್ಣು. ರಜೆಗೆ ಬಂದಾಗಲೆಲ್ಲ ನಾನು ಅವರ ಜೊತೆ ಹೋಗುತ್ತಿದ್ದೆ. ಚಿಪ್ಪು ಹಿಡಿದುಕೊಂಡು ಬಸ್ಸು ಹತ್ತಿದರೆ ಕಂಡಕ್ಟರು ಮೂಗು ಮುರಿಯುವುದು, ಮಾವ "ಇದ್ಕೂ ಟಿಕೇಟ್ ಹರೀರಿ ಸ್ವಾಮಿ, ನೂರು ಜನ ಅವ್ರೆ ಒಳಗೆ" ಅನ್ನುವುದು ಪ್ರತಿ ಸಲವೂ ನಡೆಯುತ್ತಿತ್ತು. ಈಗಲೂ ಒದ್ದೆ ಮಣ್ಣಿನ ವಾಸನೆ ಬಂದರೆ ನನಗೆ ಬಸ್ಸಿನ ರೆಕ್ಸಿನ್ ಸೀಟು ನೆನಪಾಗುತ್ತದೆ.

ವ್ಯಾಪಾರಿಯವರದು ಮಠಕ್ಕೆ ನಡೆದುಕೊಳ್ಳುವ ಮನೆತನ. ಮೊಟ್ಟೆಯನ್ನೂ ಮುಟ್ಟದವರು. ಹಣೆಯ ತುಂಬ ವಿಭೂತಿ. ಹಳೇಬೀಡಿನ ಸುತ್ತ ಅಟ್ಟಗಳಲ್ಲಿ ಕೂಡಿಟ್ಟ ಕೊಬ್ಬರಿ ನೋಡಲು ಸ್ಕೂಟರಿನಲ್ಲಿ ಬರುತ್ತಿದ್ದರು, ಕೆಲಸ ಮುಗಿದ ಮೇಲೆ ಏರಿಗೆ ಬಂದು ಕೂರುತ್ತಿದ್ದರು. ಮೀನು ಹಿಡಿಯುವವರ ಪಕ್ಕ ಮೀನು ತಿನ್ನದವರು ವರ್ಷಗಟ್ಟಲೆ ಕೂರುವುದು ಎಂಥ ಸ್ನೇಹವೋ ಆಗ ನಾನು ಯೋಚಿಸಿರಲಿಲ್ಲ. ಮಾವ ಹುಳು ಚುಚ್ಚುವಾಗ ಅವರು ಮುಖ ಆ ಕಡೆ ತಿರುಗಿಸಿ ದೇವಸ್ಥಾನದ ಹಿಂಬದಿ ನೋಡುತ್ತಿದ್ದರು.

"ಗೌಡ್ರೇ, ಆಯ್ತಾ? ತಿರುಗ್ಲಾ?"

"ಇರಿ ಸಾವ್ಕಾರ್ರೇ, ಇನ್ನೂ ಒದ್ದಾಡ್ತೈತೆ."

"ಶಿವ ಶಿವಾ!"

ಹುಳು ನೀರಿಗೆ ಬಿದ್ದ ಮೇಲೆ ಈ ಕಡೆ ತಿರುಗಿ, ಕಡ್ಲೆಪುರಿಯ ಪೊಟ್ಟಣ ಬಿಚ್ಚುತ್ತಿದ್ದರು. ಮೂವರೂ ಒಂದೇ ಪೊಟ್ಟಣಕ್ಕೆ ಕೈ ಹಾಕುತ್ತಿರಲಿಲ್ಲ. ಮಾವನ ಪಾಲು ಮೊದಲೇ ಬೇರೆ ಕಾಗದದಲ್ಲಿ ಇರುತ್ತಿತ್ತು, ಅವರ ಕೈ ಹುಳು ಮುಟ್ಟಿದ ಕೈಯಾದ್ದರಿಂದ. ಯಾರೂ ಅದನ್ನು ಮಾತಾಡಿ ತೀರ್ಮಾನಿಸಿದ್ದಲ್ಲ, ಹಾಗೆ ನಡೆಯುತ್ತಿತ್ತು.

ಮಾವನಿಗೆ ಒಂದು ನಂಬಿಕೆ ಇತ್ತು. ಈ ಕೆರೆಯಲ್ಲಿ ಸಮುದ್ರದ ಹಾವುಮೀನು ಇದೆ ಎಂದು. ಅವರ ಅಪ್ಪ ಒಮ್ಮೆ ತೂಬಿನ ಹತ್ತಿರ ಹಿಡಿದಿದ್ದರಂತೆ. ಕಡಲಲ್ಲಿ ಹುಟ್ಟಿ, ನೀರಿಗೆ ಎದುರಾಗಿ ಈಜಿಕೊಂಡು ಇಲ್ಲಿವರೆಗೆ ಬರುತ್ತದೆ, ವಯಸ್ಸಾದ ಮೇಲೆ ಮೊಟ್ಟೆ ಇಡಲು ವಾಪಸ್ಸು ಹೋಗುತ್ತದೆ ಎನ್ನುತ್ತಿದ್ದರು. ದಾರಿಯನ್ನು ಬೆರಳು ಮಡಚಿ ಹೇಳುತ್ತಿದ್ದರು: "ಕೋಡಿ ಬಿದ್ರೆ ಹಳ್ಳ. ಹಳ್ಳ ಹೋಗಿ ಯಗಚಿ. ಯಗಚಿ ಹೋಗಿ ಹೇಮಾವತಿ. ಹೇಮಾವತಿ ಹೋಗಿ ಕಾವೇರಿ. ಆಮೇಲೆ ನನಗೆ ಗೊತ್ತಿಲ್ಲ, ಅದಕ್ಕೆ ಗೊತ್ತೈತೆ." ವ್ಯಾಪಾರಿಯವರಿಗೆ ಈ ದಾರಿ ಕೇಳುವುದೆಂದರೆ ಬಲು ಇಷ್ಟ. "ಕನ್ನಂಬಾಡಿ ಕಟ್ಟೆ ಹೆಂಗೆ ದಾಟ್ತದೆ ಗೌಡ್ರೇ?" ಎಂದು ಬೇಕೆಂದೇ ಕೇಳುತ್ತಿದ್ದರು. "ನಿಮ್ಮಂಗೆ ಸ್ಕೂಟರ್ ಇಲ್ಲ, ಒದ್ದೆ ಕಲ್ಲು ಹಿಡ್ಕಂಡು ಹತ್ತತದೆ" ಎಂದು ಮಾವ.

ನಾನು ಆಗ ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದೆ. ಯಾವುದನ್ನು ಕೇಳಿದರೂ "ಅದಕ್ಕೇನು ಆಧಾರ?" ಎನ್ನುವ ವಯಸ್ಸು. ಆ ಭಾನುವಾರ ಸಂಜೆ ಅರಸೀಕೆರೆಯ ನಮ್ಮ ಮನೆಗೆ ವ್ಯಾಪಾರಿಯವರ ಸ್ಕೂಟರಿನ ಹಿಂದೆ ಕೂತು ಹೋಗುವುದೆಂದು ಮಾತಾಗಿತ್ತು. ಬಿಳಿ ಶರ್ಟು ಹಾಕಿಕೊಂಡಿದ್ದೆ. ಇದು ವ್ಯಾಪಾರಿಯವರು ಮುಂದೆ ಹೇಳಿದ್ದು, ನನಗೆ ನೆನಪಿರಲಿಲ್ಲ.

ನವಿಲುಗರಿಯ ದಂಟು ಮುಳುಗಲಿಲ್ಲ. ಪಕ್ಕಕ್ಕೆ ನಿಧಾನವಾಗಿ ನಡೆಯತೊಡಗಿತು. ಮಾವ ಎದ್ದು ನಿಂತರು. ಎಳೆದರೆ ಬರಲಿಲ್ಲ, ಕಲ್ಲಿಗೆ ಸಿಕ್ಕಿಕೊಂಡ ಹಾಗೆ ಕೋಲು ಬಾಗಿತು. ಆಮೇಲೆ ಒಮ್ಮೆಲೇ ಬಿಟ್ಟುಕೊಂಡು ಎರಡು ಮೊಳ ಉದ್ದದ್ದು ಏರಿಯ ಕಲ್ಲಿನ ಮೇಲೆ ಬಂದು ಬಿತ್ತು. ಕಂದು, ಅದರ ಮೇಲೆ ಹಳದಿ ಮಚ್ಚೆಯೋ ಪಟ್ಟೆಯೋ. ಮಾವ ಹೆಗಲ ಮೇಲಿನ ಟವೆಲ್ಲು ಹಾಕಿ ಅದರ ತಲೆಯನ್ನು ಮುಷ್ಟಿಯಲ್ಲಿ ಹಿಡಿದರು. ಮೈ ಅವರ ಮೊಣಕೈಗೆ ಸುತ್ತಿಕೊಂಡಿತು.

"ಲೇ! ನೋಡ್ಲಾ! ಇಷ್ಟ್ ವರ್ಷ ಬಡ್ಕತಿದ್ನಲ್ಲ, ಇದೇ ಕಣ್ಲಾ ಅದು! ಬಾರ್ಲಾ ಇಲ್ಲಿ, ಹಿಡಿ!"

ಅವರ ಮುಖ ನನಗೆ ಚೆನ್ನಾಗಿ ನೆನಪಿದೆ. ಅಥವಾ ಹಾಗೆಂದುಕೊಂಡಿದ್ದೇನೆ. ಬಾಯಿ ತೆರೆದೇ ಇತ್ತು, ವೀಳ್ಯದೆಲೆಯಿಂದ ಕೆಂಪಾದ ಹಲ್ಲು ಪೂರ್ತಿ ಕಾಣುತ್ತಿತ್ತು.

ನನ್ನ ಮಾತು ಮಾತ್ರ ಸಂದೇಹವಿಲ್ಲದೆ ನೆನಪಿದೆ. "ಅದು ಮುಳ್ಳು ಹಾವುಮೀನು ಮಾವ. ಎಲ್ಲ ಕೆರೇಲೂ ಇರುತ್ತೆ. ನಮ್ಮ ಲ್ಯಾಬಲ್ಲಿ ಬಾಟ್ಲಿಯೊಳಗೆ ಇಟ್ಟಿದಾರೆ."

"ಅಂಗಾದ್ರೆ ಸಮುದ್ರದ್ದಲ್ವಾ?" ಎಂದರು ವ್ಯಾಪಾರಿಯವರು, ನಿಜವಾದ ಕುತೂಹಲದಿಂದ.

ಅಲ್ಲಿಗೆ ನಿಲ್ಲಿಸಬಹುದಿತ್ತು. "ಹಳೇ ಕಾಲದ ರಾಜರು ಈ ಕೆರೆಗೆ ಸಮುದ್ರ ಅಂತ ಹೆಸರಿಟ್ಟ ಮಾತ್ರಕ್ಕೆ ಸಮುದ್ರದ ಮೀನು ಬರುತ್ತಾ ಸಾವ್ಕಾರ್ರೇ? ಮಾವ ಗುಡಿ ಗೋಡೆ ಮೇಲಿರೋ ಮಕರ ನೋಡಿ ನೋಡಿ ಹಿಂಗಾಗಿದಾರೆ" ಎಂದೆ. ವ್ಯಾಪಾರಿಯವರು ಛತ್ರಿ ಅಲ್ಲಾಡುವಂತೆ ನಕ್ಕರು.

ಮಾವ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಟವೆಲ್ಲಿನ ಸಮೇತ ಮೀನನ್ನು ಚೀಲಕ್ಕೆ ಇಳಿಸಿ ಬಾಯಿ ಕಟ್ಟಿದರು. ಕೈ ತೊಳೆದುಕೊಂಡು ಬಂದು, "ಓದ್ದೋರು ನೀವು. ನೀವು ಹೇಳಿದ್ಮೇಲೆ ಆಯ್ತು ಬಿಡಿ" ಎಂದರು. ನಾನದನ್ನು ತಮಾಷೆ ಎಂದುಕೊಂಡೆ.

ಅದು ತಮಾಷೆಯಾಗಿರಲಿಲ್ಲ. ಮುಂದಿನ ರಜೆಗೆ ಹೋದಾಗ "ಬನ್ನಿ ಮೇಷ್ಟ್ರೇ, ಕೂತ್ಕಳಿ" ಎಂದರು. ನಾನಿನ್ನೂ ಮೇಷ್ಟ್ರು ಆಗಿರಲಿಲ್ಲ. ಗಾಳಕ್ಕೆ ಹೊರಟಾಗ ಬರಬೇಡಿ ಎನ್ನಲಿಲ್ಲ, ಆದರೆ ಗೆಂಡೆ ಸಿಕ್ಕರೂ ಕೊರವ ಸಿಕ್ಕರೂ ನನ್ನ ಮುಂದೆ ಹಿಡಿದು "ಇದು ಏನು ಅಂತ ಹೇಳಿ, ಬರ್ಕತೀನಿ" ಎನ್ನುತ್ತಿದ್ದರು. ನನ್ನ ಮದುವೆಯಲ್ಲಿ, ನನ್ನ ಅಮ್ಮನ ಕಾರ್ಯದಲ್ಲಿ, ನನ್ನ ಮಗಳನ್ನು ಎತ್ತಿ ಆಡಿಸುವಾಗ, ಎಲ್ಲ ಕಡೆ ಬಹುವಚನ. ಅಕ್ಕನ ಮಗನನ್ನು ಸೋದರಮಾವ ಬಹುವಚನದಲ್ಲಿ ಕರೆಯುವುದು ಗೌರವವಲ್ಲ ಎಂಬುದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನನ್ನ ಸಮಾಧಾನಕ್ಕೆ ಒಂದೇ ಮಾತಿತ್ತು: ನಾನು ಹೇಳಿದ ರೀತಿ ತಪ್ಪಿರಬಹುದು, ಹೇಳಿದ್ದು ಸರಿ. ಮುಳ್ಳು ಎಣಿಸಿದ್ದೇನೆ.

ಹೋದ ವರ್ಷ ಅರಸೀಕೆರೆಯ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ನನ್ನ ಎಂ.ಎಸ್ಸಿ. ಪ್ರಾಕ್ಟಿಕಲ್ ರೆಕಾರ್ಡು ಕೆಳಗೆ ಬಂತು. ಅದರಲ್ಲಿ ಮುಳ್ಳು ಹಾವುಮೀನಿನ ಚಿತ್ರ ಇತ್ತು. ಬಾಟಲಿಯ ಫಾರ್ಮಲಿನ್ನಿನಿಂದ ತೆಗೆದು ತಟ್ಟೆಯಲ್ಲಿಟ್ಟ ಮೀನನ್ನು ನೋಡಿ ಪೆನ್ಸಿಲಿನಲ್ಲಿ ಬರೆದದ್ದು. ಬೆನ್ನಿನ ಉದ್ದಕ್ಕೂ ಮುಳ್ಳಿನ ಸಾಲು, ಪಕ್ಕದಲ್ಲಿ ನನ್ನ ಅಕ್ಷರದಲ್ಲಿ ಅವುಗಳ ಲೆಕ್ಕ. ಏರಿಯ ಕಲ್ಲಿನ ಮೇಲೆ ನಾನು ಮುಳ್ಳು ಎಣಿಸಿದ ನೆನಪಿನಲ್ಲಿ ಮೀನು ಹೀಗೇ ಮಲಗಿದೆ. ತಲೆ ಎಡಕ್ಕೆ, ಮೈ ನೇರಕ್ಕೆ, ಬಾಲ ಬಲಕ್ಕೆ. ರೆಕಾರ್ಡು ಪುಸ್ತಕದಲ್ಲಿ ಮೀನಿನ ತಲೆಯನ್ನು ಎಡಕ್ಕೇ ಬರೆಯಬೇಕು, ಅದು ಪದ್ಧತಿ. ಜೀವಂತ ಹಾವುಮೀನು ಪದ್ಧತಿಯ ಪ್ರಕಾರ ಮಲಗುವುದಿಲ್ಲ. ಅದರ ತಲೆ ಮಾವನ ಮುಷ್ಟಿಯಲ್ಲಿತ್ತು, ಮೈ ಅವರ ಮೊಣಕೈಗೆ ಸುತ್ತಿತ್ತು. ನಾನು ಎಣಿಸಿದ್ದು ಯಾವಾಗ?

ಮಾರನೆಯ ದಿನ ವ್ಯಾಪಾರಿಯವರ ಮನೆಗೆ ಹೋದೆ. ಕೊಬ್ಬರಿ ಮಂಡಿಯ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟು ಅವರೀಗ ಮಹಡಿಯ ಮೇಲೆ, ಮಾಲೇಕಲ್ಲಿನ ಬೆಟ್ಟಕ್ಕೆ ಮುಖ ಮಾಡಿ ಆರಾಮಕುರ್ಚಿಯಲ್ಲಿ ಕೂರುತ್ತಾರೆ. ಕಿವಿ ಸ್ವಲ್ಪ ಮಂದ, ಉಳಿದದ್ದೆಲ್ಲ ಚುರುಕು. ಆ ಮೀನಿನ ಬೆನ್ನಿಗೆ ಮುಳ್ಳಿತ್ತೇ ಎಂದು ಕೇಳಿದೆ.

"ಮುಳ್ಳಾ? ನನಗೇನಪ್ಪ ಗೊತ್ತು. ನಾನು ಮುಟ್ಟಿದ್ನಾ?"

"ನಾನು ಮುಟ್ಟಿ ನೋಡ್ದೆ ಅಲ್ವಾ? ಬೆರಳಿಗೆ ಚುಚ್ಚಿತ್ತು."

ಅವರು ಕುರ್ಚಿಯಲ್ಲಿ ಮುಂದೆ ಬಂದು ನನ್ನನ್ನೇ ನೋಡಿದರು. "ನೀನಾ? ನೀನು ನನ್ನ ಪಕ್ಕದಲ್ಲೇ ಕೂತಿದ್ದೆ ಕಣಪ್ಪ. ಬಿಳೀ ಶರ್ಟು. ಗೌಡ್ರು ಬಾ ಹಿಡಿ ಅಂದ್ರೆ ನೀನು ನನಗಿಂತ ಹಿಂದಕ್ಕೆ ಜರುಗ್ದೆ. ನಾನು ಮನೇಲಿ ಬಂದು ಹೇಳಿದ್ದೆ, ಅವ್ರ ಅಳಿಯ ನಮ್ಮೋರಿಗಿಂತ ಮಡಿವಂತ ಅಂತ."

"ಅಷ್ಟು ದೂರದಿಂದ ನೋಡಿ ಹೇಳಿದ್ನಾ?"

"ಮತ್ತೆ? ನೋಡು, ನಾವು ಅಟ್ಟ ಹತ್ತಿ ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸ್ದೆ ಒಳಗೆ ಕೊಬ್ಬರಿ ಆಗಿದೆ ಅಂತ ಹೇಳಲ್ಲ. ಗುಡುಗುಡು ಅಂದ್ರೇನೇ ಕೊಬ್ಬರಿ. ನೀನು ಕೂತಲ್ಲೇ ಹೇಳ್ಬಿಟ್ಟೆ. ಓದಿದ ಹುಡುಗ, ಗೊತ್ತಿರುತ್ತೆ ಅಂತ ನಾನೂ ನಕ್ಕೆ." ಬೆಟ್ಟದ ಕಡೆ ತಿರುಗಿದರು. "ನಗಬಾರದಿತ್ತೋ ಏನೋ. ಆಮೇಲೆ ಗೌಡ್ರು ಆ ಕಾವೇರಿ ದಾರಿ ನನಗೆ ಯಾವತ್ತೂ ಹೇಳ್ಲಿಲ್ಲ."

ಅವರ ನೆನಪೂ ನನ್ನದರಂತೆಯೇ ಹಳತು. ಅವರ ಮಾತನ್ನು ಸಾಕ್ಷ್ಯವೆಂದು ಒಪ್ಪಲು ನನಗೆ ಮನಸ್ಸಿರಲಿಲ್ಲ. ಅದಕ್ಕೇ ಮಾವನ ಹತ್ತಿರ ಹೋಗುವ ಮೊದಲು ಬೇಲೂರಿಗೆ ಹೋದೆ. ಅಲ್ಲಿ ಯಗಚಿಯ ಮೀನು ಮಾರುವ ಹೆಂಗಸೊಬ್ಬರ ಬುಟ್ಟಿಯಲ್ಲಿ ಒಂದು ಮುಳ್ಳು ಹಾವುಮೀನು ಸಿಕ್ಕಿತು. ಅಲ್ಲೇ ನಿಂತು, ಬಾಲದ ಕಡೆಯಿಂದ ತಲೆಯ ಕಡೆಗೆ ಹೆಬ್ಬೆರಳು ಸವರಿದೆ. ಚುಚ್ಚಿತು. ರಕ್ತದ ಒಂದು ಚುಕ್ಕೆ ಬಂತು. "ಅಯ್ಯೋ, ಅಂಗೆಲ್ಲ ಉಲ್ಟಾ ಸವರ್ತಾರಾ ಯಾರಾದ್ರೂ!" ಎಂದು ಆಕೆ ಬೈದರು. ನಾನು ಬೆರಳನ್ನು ನೋಡುತ್ತಾ ನಿಂತೆ. ನೆನಪಿನಲ್ಲಿದ್ದ ನೋವು ಮಂದವಾದದ್ದು, ಹಲ್ಲುಹಲ್ಲಿನದು. ಇದು ಸೂಜಿಯಂತೆ ಚುರ್ರೆಂದಿತ್ತು. ಇಂಥದ್ದು ನನ್ನ ಬೆರಳಿಗೆ ಹಿಂದೆಂದೂ ಆಗಿರಲಿಲ್ಲ. ಫಾರ್ಮಲಿನ್ನಿನಲ್ಲಿ ವರ್ಷಗಟ್ಟಲೆ ನೆನೆದ ಮುಳ್ಳು ಹಾಗೆ ಚುಚ್ಚಲಾರದು, ನನ್ನ ನೆನಪಿನಲ್ಲಿದ್ದದ್ದು ಲ್ಯಾಬಿನ ಆ ಮುಳ್ಳೇ ಎಂದು ಆಗ ಹೊಳೆಯಿತು.

ಮೀನನ್ನು ಕಟ್ಟಿಸಿಕೊಂಡು ಹಗರೆಯ ಬಸ್ಸು ಹತ್ತಿದೆ.

ಮಾವ ಜಗಲಿಯ ಮೇಲೆ ಕೂತು ಹಾಲಿನ ಕ್ಯಾನಿನ ಮುಚ್ಚಳಕ್ಕೆ ಹುರಿ ಕಟ್ಟುತ್ತಿದ್ದರು. ಎಂಬತ್ತು ಆಗಿದೆ, ಗಾಳಕ್ಕೆ ಹೋಗುವುದು ನಿಂತಿದೆ. "ಬನ್ನಿ ಮೇಷ್ಟ್ರೇ" ಎಂದರು. ಪೊಟ್ಟಣ ಅತ್ತೆಯ ಕೈಗೆ ಕೊಟ್ಟು ನಾನು ಬಂದ ವಿಷಯ ನೇರವಾಗಿ ಹೇಳಿದೆ. ಅವತ್ತು ನಾನು ಮುಟ್ಟದೆ ಹೇಳಿದ್ದೆ ಅನ್ನಿಸುತ್ತಿದೆ, ತಪ್ಪು ಹೇಳಿರಬಹುದು, ನಿಮಗೆ ಆ ಮೀನು ನೆನಪಿದೆಯಾ ಎಂದೆ.

ಮಾವ ಹುರಿಯ ಗಂಟು ಬಿಗಿದು, ಹಲ್ಲಿನಲ್ಲಿ ತುದಿ ಕತ್ತರಿಸಿದರು. ಮಾತಾಡಿದ್ದು ಅತ್ತೆ.

"ನೆನಪಿಲ್ದೆ ಏನು? ಅಷ್ಟುದ್ದ ಹಾವಿನಂಗಿರೋದ್ನ ಚರ್ಮ ಸುಲೀದೆ ನಾನು ಅಡುಗೆಮನೆಗೆ ಸೇರ್ಸಲ್ಲ ಅಂದೆ. ಇವ್ರು ಆ ತೆಂಗಿನ ಮರಕ್ಕೆ ಮೊಳೆ ಹೊಡ್ದು, ತಲೆ ಸಿಗ್ಸಿ, ಕೈಗೆ ಬೂದಿ ಮೆತ್ಕಂಡು ಕಾಲುಚೀಲ ಕಳಚ್ದಂಗೆ ಚರ್ಮ ಎಳುದ್ರು. ಮುಳ್ಳು ಹಾವುಮೀನಾದ್ರೆ ನಾವು ಮೊದ್ಲು ಬೆನ್ನು ಸೀಳಿ ಮುಳ್ಳಿನ ಪಟ್ಟಿ ತೆಗೀಬೇಕು, ಇಲ್ದಿದ್ರೆ ಚರ್ಮ ಹರ್ಕತದೆ. ಇದು ಇಡೀದಾಗಿ ಬಂತು. ಮೊಳೆ ಇನ್ನೂ ಐತೆ, ಬೇಕಾದ್ರೆ ಹೋಗಿ ನೋಡು."

ನೋಡಿದೆ. ಮೊಳೆ ಇತ್ತು, ತುಕ್ಕು ಹಿಡಿದು ಕಾಂಡದೊಳಗೆ ಅರ್ಧ ಹುದುಗಿತ್ತು. ಮೊಳೆ ಇರುವುದರಿಂದ ಮೊಳೆ ಇತ್ತೆಂದು ಮಾತ್ರ ಸಾಬೀತಾಗುತ್ತದೆ ಎಂದು ನನ್ನ ಬುದ್ಧಿ ಹೇಳಿತು. ಬಾಯಿ ಬಿಡಲಿಲ್ಲ, ಆದರೆ ಮುಖ ಹೇಳಿರಬೇಕು.

ಮಾವ ಎದ್ದು ಒಳಗೆ ಹೋದರು. ಜಂತಿಯ ಮೇಲಿಂದ ಗಾಳದ ಕೋಲು ಇಳಿಸುವ ಸದ್ದಾಯಿತು. ತಂದು ನನ್ನ ತೊಡೆಯ ಮೇಲೆ ಅಡ್ಡ ಇಟ್ಟರು. ಹಿಡಿಯ ಜಾಗದಲ್ಲಿ ಓರೆಯಾಗಿ, ಒತ್ತೊತ್ತಾಗಿ, ಕಪ್ಪು ಕಂದು ಬಣ್ಣದ ಚರ್ಮದ ಪಟ್ಟಿ ಸುತ್ತಿತ್ತು. ಆ ಸುತ್ತನ್ನು ನಾನು ಎಷ್ಟೋ ಸಲ ನೋಡಿದ್ದೆ. ಹಿಡಿ ಜಾರದಿರಲೆಂದು ಯಾವುದೋ ಹಳೆಯ ಬೆಲ್ಟಿನ ತುಂಡು ಸುತ್ತಿದ್ದಾರೆ ಎಂದುಕೊಂಡಿದ್ದೆ.

"ಅದೇ ಇದು" ಎಂದರು.

"ಅವತ್ತೇ ಯಾಕೆ ಹೇಳ್ಲಿಲ್ಲ ಮಾವ?"

"ಹೇಳಿದ್ನಲ್ಲ. ನೀವು ಅಲ್ಲ ಅಂದ್ರಿ." ಕೋಲನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. "ಈ ಸಲನಾದ್ರೂ ಮುಟ್ಟಿ ನೋಡಿ."

ಮುಟ್ಟಿದೆ. ಗಟ್ಟಿಯಾಗಿ, ಕೊಂಬಿನಂತೆ ನುಣ್ಣಗಿತ್ತು. ಒಂದು ಸುತ್ತು ಬಿಚ್ಚಿ ಎರಡು ಬೆರಳಗಲದ ತುಂಡು ಕತ್ತರಿಸಿಕೊಳ್ಳಲು ಅವರೇ ಚಾಕು ಕೊಟ್ಟರು. ಉಳಿದ ಪಟ್ಟಿಯನ್ನು ಮತ್ತೆ ಸುತ್ತುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ನನಗೆ ಸುತ್ತಲು ಬಿಡಲಿಲ್ಲ. ಅಷ್ಟರಲ್ಲಿ ಒಳಗಿಂದ ಬೇಲೂರಿನ ಮೀನಿನ ಸಾರಿನ ವಾಸನೆ ಬರತೊಡಗಿತು. ಆ ಮೀನಿನ ಚರ್ಮದ ಒಂದು ಚೂರನ್ನೂ ಅತ್ತೆಯಿಂದ ಕೇಳಿ ಕಾಗದದಲ್ಲಿ ಕಟ್ಟಿಕೊಂಡಿದ್ದೆ. ಮುದ್ದೆ ಮುರಿಯುತ್ತಾ ಕೂತಾಗ ಎಷ್ಟೋ ವರ್ಷದ ಮೇಲೆ ಮಾವ ಆ ದಾರಿ ಹೇಳಿದರು, ಯಾರೂ ಕೇಳದೆಯೇ. ಹಳ್ಳ, ಯಗಚಿ, ಹೇಮಾವತಿ, ಕಾವೇರಿ. ಬೆರಳು ಮಡಚಲಿಲ್ಲ, ಕೈಯಲ್ಲಿ ಮುದ್ದೆ ಇತ್ತು.

ಸೋಮವಾರ ಕಾಲೇಜಿನ ಲ್ಯಾಬಿನಲ್ಲಿ ಎರಡೂ ತುಂಡುಗಳನ್ನು ನೀರಿನಲ್ಲಿ ನೆನೆಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಪುಸ್ತಕ ತೆರೆದಿಟ್ಟುಕೊಂಡು ಎರಡು ಸಲ, ಮಾರನೆಯ ದಿನ ಮತ್ತೊಂದು ಸಲ. ಆಮೇಲೆ ಮಾವನಿಗೆ ಫೋನು ಮಾಡಿ, ನೀವು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು ಎಂದೆ. ಅವರು ಡೈರಿಯ ಹತ್ತಿರ ರಸ್ತೆಯಲ್ಲಿ ಇದ್ದರು, ಬಸ್ಸೊಂದು ಹಾರನ್ ಮಾಡುತ್ತಾ ಹೋಯಿತು. "ನನಗೆ ಗೊತ್ತಿತ್ತು ಕಣ್ಲಾ" ಎಂದರೆಂದು ನನಗೆ ಕೇಳಿಸಿತು. "ಗೊತ್ತಿತ್ತು ಬಿಡಿ" ಎಂದಿದ್ದರೂ ಇರಬಹುದು. ಮತ್ತೊಮ್ಮೆ ಹೇಳಿ ಎನ್ನಲು ಧೈರ್ಯ ಬರಲಿಲ್ಲ.

ಕೋಲಿಗೆ ಸುತ್ತಿದ ಚರ್ಮ ಅದೇ ಭಾನುವಾರದ ಮೀನಿನದು ಎಂಬುದಕ್ಕೆ ಅವರಿಬ್ಬರ ಮಾತು ಬಿಟ್ಟರೆ ನನ್ನ ಬಳಿ ಬೇರೆ ಆಧಾರವಿಲ್ಲ. ಅವರ ಮಾತನ್ನು ಒಪ್ಪಿದ್ದೇನೆ. ನಾನೇ ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಒಂದು: ಬೇಲೂರಿನ ಮುಳ್ಳು ಹಾವುಮೀನಿನ ಚರ್ಮದಲ್ಲಿ ಹುರುಪೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿವೆ, ಮಾವನ ಕೋಲಿನ ಚರ್ಮದಲ್ಲಿ ಅವು ಅಕ್ಕಿಯ ಕಾಳಿಗಿಂತ ಸಣ್ಣಗೆ, ಉದ್ದುದ್ದಕ್ಕೆ, ಒಳಗೇ ಹುದುಗಿಕೊಂಡು, ನಾಲ್ಕಾರು ಈ ಕಡೆಗೆ ನಾಲ್ಕಾರು ಆ ಕಡೆಗೆ, ಚಾಪೆ ಹೆಣೆದಂತೆ ಇವೆ, ಮತ್ತು ಹಾಗಿರುವುದು ಕಡಲಿನಲ್ಲಿ ಹುಟ್ಟುವ ಹಾವುಮೀನಿನಲ್ಲಿ.